ಮನೆಪಾಠಕ್ಕೆ ಕೈಯೆತ್ತಿದವರು

ಜಗಳ ಶುರುವಾಗಿದ್ದು ಒಂದು ಪದದಿಂದ. ಶ್ರೀರಂಗಪಟ್ಟಣದ ಸರ್ಕಾರಿ ಸಭಾಂಗಣವೊಂದರಲ್ಲಿ ಕರಡು ಸಮಿತಿಯವರು ನಾವು ಐದಾರು ಜನ ಕೂತಿದ್ದೆವು. ಫ್ಯಾನು ಕಿರುಗುಟ್ಟುತ್ತಿತ್ತು, ಟೀ ಆರಿ ಕೆನೆಗಟ್ಟಿತ್ತು. ಮುಂದಿದ್ದ ಒಂಬತ್ತನೆಯ ಕಲಂನಲ್ಲಿ ‘ಗೃಹಾಧಾರಿತ ಶಿಕ್ಷಣ’ ಎಂಬ ಮಾತಿತ್ತು. ಅಧ್ಯಕ್ಷರು ಕನ್ನಡಕ ತೆಗೆದು ಕಾಗದದ ಮೇಲಿಟ್ಟರು.

“ಅಲ್ಲ ಲಾಯರಮ್ಮ, ಗೃಹಾಧಾರಿತ ಅಂದ್ರೆ ಕೆ.ಆರ್. ಪೇಟೆ ಸಂತೇಲಿ ಯಾರಿಗಾದ್ರೂ ಅರ್ಥ ಆಗುತ್ತಾ? ಮನೆ ಅಡ ಇಟ್ಕೊಂಡು ಸಾಲ ಕೊಡೋ ಸ್ಕೀಮು ಅಂದ್ಕೋತಾರೆ. ಸಭೇಲಿ ಜನಕ್ಕೆ ಹೇಳುವಾಗ ಮನೆಪಾಠ ಅನ್ನೋಣ. ಮನೆಗೆ ಬಂದು ಪಾಠ ಹೇಳೋದು ಮನೆಪಾಠ. ಅದಕ್ಕಿಂತ ಸಲೀಸು ಬೇಕಾ?”

ಎಲ್ಲರೂ ನಕ್ಕರು. ಸರ್ಕಾರಿ ಕನ್ನಡದ ಜೊತೆ ಗುದ್ದಾಡಿ ಸಾಕಾಗಿದ್ದ ನನಗೂ ಆ ಮಾತು ಹಿಡಿಸಿತು. ಶಿಕ್ಷಣ ಇಲಾಖೆಯಿಂದ ಬಂದಿದ್ದವರೊಬ್ಬರು ಮಾತ್ರ, ಕರಡಿನಲ್ಲಿರುವ ಪದವನ್ನೇ ಹೇಳಬೇಕು, ನಾಳೆ ಯಾರಾದರೂ ತಕರಾರು ತೆಗೆದರೆ ಕಷ್ಟ ಎಂದು ಪಟ್ಟು ಹಿಡಿದರು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಕಾಗದದಲ್ಲಿ ‘ಗೃಹಾಧಾರಿತ’, ಬಾಯಲ್ಲಿ ‘ಮನೆಪಾಠ’ ಎಂದು ರಾಜಿಯಾಯಿತು.

ನಾನು ಕಿರಂಗೂರಿನವಳು. ಕೋರ್ಟಿನಲ್ಲಿ ನನ್ನದು ಬರೀ ಅಣ್ಣತಮ್ಮಂದಿರ ಪಾಲಿನ ದಾವೆ, ಬದುವಿನ ಜಗಳ. ಕಾನೂನನ್ನು ನೆಟ್ಟಗೆ ಕನ್ನಡದಲ್ಲಿ ಬರೆಯುತ್ತಾಳೆ ಎಂದು ಯಾರೋ ಹೇಳಿದ್ದರಿಂದ ಈ ಸಮಿತಿಗೆ ಎಳೆದು ತಂದಿದ್ದರು. ಕೆಲಸ ಕೇಳುವುದಕ್ಕೆ ಸುಲಭವಾಗಿತ್ತು. ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ ಒಡಂಬಡಿಕೆಯೊಂದಿದೆ, ನಮ್ಮ ದೇಶ ಅದನ್ನು ಒಪ್ಪಿಕೊಂಡಿದೆ. ಅದರಲ್ಲಿ ಮಕ್ಕಳಿಗೆಂದೇ ಒಂದು ವಿಧಿಯಿದೆ. ಒಡಂಬಡಿಕೆಗೆ ತಕ್ಕಂತೆ ಸಂಸತ್ತು ಕಾಯ್ದೆ ಮಾಡಿದೆ. ಆದರೆ ಹಳ್ಳಿಯ ಶಾಲೆಯ ಬಾಗಿಲಲ್ಲಿ ನಿಂತ ಹೆಡ್ಮೇಷ್ಟ್ರು ಒಡಂಬಡಿಕೆಯನ್ನೂ ಓದುವುದಿಲ್ಲ, ಕಾಯ್ದೆಯನ್ನೂ ಓದುವುದಿಲ್ಲ. ಅವರು ಓದುವುದು ಮೇಲಿನಿಂದ ಬಂದ ಮಾರ್ಗಸೂಚಿ. ಆ ಮಾರ್ಗಸೂಚಿಯ ಕರಡನ್ನು ಬರೆದು, ನಾಲ್ಕು ತಾಲ್ಲೂಕಿನಲ್ಲಿ ತಂದೆತಾಯಂದಿರ ಸಭೆ ಮಾಡಿ, ಅವರ ಅಭಿಪ್ರಾಯ ಸೇರಿಸಿ ಕಳಿಸುವುದು ನಮ್ಮ ಪಾಲಿನ ಕೆಲಸ.

ಇಡೀ ಕರಡಿನ ಜೀವ ಒಂಬತ್ತನೆಯ ಕಲಂನಲ್ಲಿತ್ತು. ಅಂಗವೈಕಲ್ಯವುಳ್ಳ ಮಗುವನ್ನು ಹತ್ತಿರದ ಶಾಲೆ ಸೇರಿಸಿಕೊಳ್ಳಲೇಬೇಕು ಎಂದು ಅದರ ಮೊದಲ ಸಾಲು. ಎರಡನೆಯ ಸಾಲು ಗೃಹಾಧಾರಿತ ಶಿಕ್ಷಣದ್ದು. ಅದು ಶಾಲೆಯ ಜೊತೆಗೆ ಸಿಗುವ ಸೌಲಭ್ಯವೋ, ಶಾಲೆಯ ಬದಲಿಗೆ ಸಿಗುವುದೋ ಎಂಬುದನ್ನು ಖಾಲಿ ಬಿಟ್ಟಿದ್ದೆವು. ಪಾಲಕರನ್ನು ಕೇಳಿ ತುಂಬೋಣ ಎಂದಿದ್ದರು ಅಧ್ಯಕ್ಷರು. ಬದಲಿಗೆ ಎಂದು ಬರೆದರೆ ಕಥೆ ಮುಗಿಯಿತು. ಮೆಟ್ಟಿಲು ಹತ್ತಲಾರದ ಮಗು, ಮಾತು ಬಾರದ ಮಗು ಯಾವುದು ಬಂದರೂ ಶಾಲೆಯವರು, ನಿಮಗೆ ಮನೆಯಲ್ಲೇ ವ್ಯವಸ್ಥೆ ಇದೆ ಎಂದು ಕೈಮುಗಿದು ಕಳಿಸಬಹುದು, ಅದೂ ಕಾನೂನುಬದ್ಧವಾಗಿ.

ಮೊದಲ ಸಭೆ ಶ್ರೀರಂಗಪಟ್ಟಣದಲ್ಲೇ ನಡೆಯಿತು. ಅಧ್ಯಕ್ಷರು ನಿವೃತ್ತ ಅಧಿಕಾರಿ, ಜನರ ಜೊತೆ ಮಾತಾಡಿ ಪಳಗಿದವರು. “ನಿಮ್ಮ ಮಕ್ಕಳಿಗೆ ಮನೆಪಾಠದ ವ್ಯವಸ್ಥೆ ಬೇಕಾ?” ಎಂದು ಕೇಳಿದರು. ಬೇಕು ಬೇಕು ಎಂದು ಕೈಗಳೆದ್ದವು. ಎತ್ತದ ಕೈ ಹುಡುಕಿದರೂ ಸಿಗಲಿಲ್ಲ. ನನಗೆ ಕಸಿವಿಸಿಯಾಯಿತು. ಇಷ್ಟು ಜನ ತಂದೆತಾಯಿಗಳು ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಳ್ಳಲು ತುದಿಗಾಲಲ್ಲಿ ನಿಂತಿದ್ದಾರಲ್ಲ, ನಾನು ಯಾರಿಗಾಗಿ ಬಡಿದಾಡುತ್ತಿದ್ದೇನೆ ಎನ್ನಿಸಿತು.

ಪಾಂಡವಪುರದ್ದೂ ಹಾಗೇ ಆಯಿತು. ಕಬ್ಬಿನ ಟ್ರಾಕ್ಟರುಗಳ ಹಿಂದೆ ಸಿಕ್ಕಿಕೊಂಡು ನಾವು ತಡವಾಗಿ ಹೋದರೂ ಜನ ಎದ್ದುಹೋಗದೆ ಕಾದಿದ್ದರು. ಹಿಂದಿನ ಸಾಲಿನಿಂದ ಒಬ್ಬಾಕೆ, “ಮನೆಪಾಠಕ್ಕೆ ದುಡ್ಡು ಕೊಡ್ಬೇಕಾ ಸಾ?” ಎಂದು ಕೇಳಿದಳು. ಅಧ್ಯಕ್ಷರು ನಗುತ್ತಾ ಇಲ್ಲಮ್ಮ, ಸಂಪೂರ್ಣ ಉಚಿತ ಎಂದರು. ಅನುಮಾನಿಸುತ್ತಿದ್ದ ಒಂದಿಬ್ಬರೂ ಕೈಯೆತ್ತಿಬಿಟ್ಟರು. ಆ ಪ್ರಶ್ನೆಯಲ್ಲೇ ಎಲ್ಲ ಇತ್ತು. ದಾವೆಯಲ್ಲಿ ಎದುರು ಪಕ್ಷದ ಸಾಕ್ಷಿಯ ಒಂದೊಂದು ಮಾತನ್ನೂ ಜಾಲಾಡುವ ನನ್ನ ಕಿವಿಗೆ ಅವತ್ತು ಏನಾಗಿತ್ತೋ ಕಾಣೆ. ನಡಾವಳಿಯಲ್ಲಿ ‘ಸರ್ವಾನುಮತ’ ಎಂದು ಬರೆಸಿಕೊಂಡು ಬಂದೆವು.

ವಿಷಯ ಬಯಲಾಗಿದ್ದು ಕೆ.ಆರ್. ಪೇಟೆಯಲ್ಲಿ. ಅಲ್ಲೂ ಸಭೆ ಸುಸೂತ್ರವಾಗಿ ಮುಗಿದು ಜನ ಉಪ್ಪಿಟ್ಟಿನ ಸಾಲಿಗೆ ನಿಂತಿದ್ದರು. ಬೂಕನಕೆರೆಯಿಂದ ಬಂದಿದ್ದ ಒಬ್ಬ ತಾಯಿ ತಟ್ಟೆ ಹಿಡಿದುಕೊಂಡೇ ನನ್ನ ಹತ್ತಿರ ಬಂದಳು.

“ಲಾಯರಮ್ಮ, ಮನೆಪಾಠದ್ ಮೇಷ್ಟ್ರು ಎಷ್ಟೊತ್ಗೆ ಬತ್ತರೆ? ವಸಿ ಸಂಜೆ ಮ್ಯಾಲಾದ್ರೆ ಒಳ್ಳೇದಿತ್ತು. ಇಸ್ಕೂಲ್ ಬುಟ್ಟು ಮನೆಗ್ ಬಂದು, ಮಕ ತೊಳ್ಸಿ, ಏನಾರ ತಿನ್ನುಸ್ಬೇಕಲ್ಲ.”

“ಯಾವ ಸ್ಕೂಲು ಬಿಟ್ಟು?” ಎಂದೆ.

“ನಮ್ಮೂರ್ದೇ ಕನವ್ವ. ನೀವ್ ಸೇರುಸ್ತೀರಲ್ಲ, ಅದು.”

“ಸ್ಕೂಲಿಗೆ ಹೋಗೋದಲ್ಲಮ್ಮ. ಮೇಷ್ಟ್ರೇ ಮನೆಗೆ ಬಂದು ಹೇಳ್ಕೊಡೋದು.”

ಅವಳು ನನ್ನ ಮುಖವನ್ನೇ ನೋಡಿದಳು. ಇಷ್ಟು ಓದಿದವಳಿಗೆ ಇಷ್ಟೂ ಗೊತ್ತಿಲ್ಲವೇ ಎಂಬ ಕನಿಕರ ಆ ಮುಖದಲ್ಲಿತ್ತು. “ಅದೇಯ ನಾನೂ ಏಳ್ತಿರೋದು. ಇಸ್ಕೂಲ್ಗೇ ಓಗ್ದಿದ್ ಮಗಿಗೆ ಮನೆಪಾಠ ಯಾಕವ್ವ? ಇಸ್ಕೂಲಲ್ಲಿ ತಿಳೀದೇ ಇದ್ದುದ್ನ ಮನೇಲಿ ಏಳ್ಕೊಡೋದು ತಾನೆ ಮನೆಪಾಠ?”

ನಮ್ಮ ಕಡೆ ಮನೆಪಾಠ ಎಂದರೆ ಟ್ಯೂಷನ್ನು. ನಾನೂ ಹೈಸ್ಕೂಲಿನಲ್ಲಿ ಗಣಿತಕ್ಕೆ ಮನೆಪಾಠಕ್ಕೆ ಹೋಗಿದ್ದವಳೇ. ಶಾಲೆ ಬಿಟ್ಟ ಮೇಲೆ ಹೋಗುವುದು ಮನೆಪಾಠ, ಹಗಲೆಲ್ಲ ಶಾಲೆ ಇದ್ದೇ ಇರುತ್ತದೆ. ಇವರೆಲ್ಲ ಕೈಯೆತ್ತಿದ್ದು ಶಾಲೆ ಬೇಡವೆಂದಲ್ಲ. ಶಾಲೆಯಂತೂ ಆಯಿತು, ಮೇಲೆ ಪುಕ್ಕಟೆ ಟ್ಯೂಷನ್ನೂ ಸಿಗುತ್ತಿದೆ ಎಂದು ಎತ್ತಿದ್ದು. ಉಪ್ಪಿಟ್ಟಿನ ಸಾಲಿನಲ್ಲಿದ್ದ ಇನ್ನೂ ನಾಲ್ಕಾರು ಮಂದಿಯನ್ನು ಒಬ್ಬೊಬ್ಬರನ್ನಾಗಿ ಕೇಳಿದೆ. ಎಲ್ಲರದೂ ಒಂದೇ ಮಾತು. ಒಬ್ಬರು, ಇಂಗ್ಲಿಷಿಗೂ ಮೇಷ್ಟ್ರು ಬರುತ್ತಾರಾ ಎಂದು ಕೇಳಿದರು.

ಅವತ್ತು ಮಧ್ಯಾಹ್ನವೇ ಆ ತಾಯಿಯ ಜೊತೆ ಬೂಕನಕೆರೆಗೆ ಹೋದೆ. ಗಂಡ ಬಾಗಿಲು ಕಿಟಕಿ ಮಾಡುವ ಆಚಾರಿ. ಮನೆಯ ಮುಂದೆ ಮರದ ಸಿಪ್ಪೆಯ ರಾಶಿ, ಅದರ ಪಕ್ಕದ ಜಗುಲಿಯ ಮೇಲೆ ಹುಡುಗಿ. ವಯಸ್ಸು ಹನ್ನೊಂದು. ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿ ಕಾಲುಗಳು ಸೊರಗಿದ್ದವು, ಕೈ ಹೇಳಿದ ಮಾತು ಕೇಳುತ್ತಿರಲಿಲ್ಲ, ನುಡಿ ಎಳೆದೆಳೆದು ಬರುತ್ತಿತ್ತು. ಆ ನುಡಿ ತಿಳಿಯುತ್ತಿದ್ದುದು ತಾಯಿಗೊಬ್ಬಳಿಗೇ. ಊಟದ ಬಿಡುವಿಗೆ ಬಂದಿದ್ದ ಪಕ್ಕದ ಮನೆಯ ಮಕ್ಕಳು ಅದೇ ಜಗುಲಿಯಲ್ಲಿ ಕೂತು ಮಗ್ಗಿ ಹೇಳಿಕೊಳ್ಳುತ್ತಿದ್ದರು. ಒಬ್ಬ ಹದಿಮೂರರ ಮಗ್ಗಿಯಲ್ಲಿ ಎಡವಿದ. ಹುಡುಗಿ ಕತ್ತು ಹೊರಳಿಸಿ ಏನೋ ಅಂದಳು. ತಾಯಿ ನಗುತ್ತಾ, “ತಪ್ಪು, ತೊಂಬತ್ತೊಂದು ಅಂತಾದೆ” ಎಂದು ನನಗೆ ಬಿಡಿಸಿ ಹೇಳಿದಳು.

ಆಗ ಶಾಲೆಯ ಬೆಲ್ಲು ಹೊಡೆಯಿತು. ಶಾಲೆ ಅಲ್ಲೇ, ಬೀದಿಯ ತಿರುವಿನಲ್ಲಿ. ಹುಡುಗಿಯ ಮೈಯೆಲ್ಲ ಒಮ್ಮೆ ಸೆಟೆದುಕೊಂಡಿತು.

“ಬೆಲ್ಲು ಒಡ್ದಾಗ್ಲೆಲ್ಲ ಇಂಗೇ ಕನವ್ವ,” ಎಂದಳು ತಾಯಿ. “ಅದ್ಕೆ ಎಲ್ಲಾ ತಿಳೀತದೆ. ವರ್ಸಾ ವರ್ಸಾ ಎತ್ಕಂಡ್ ಓಯ್ತೀವಿ. ಮುಂದಿನ್ ವರ್ಸ ನೋಡವು ಅಂತ ಕಳುಸ್ತರೆ.”

ಆಚಾರಿಯವರು ಉಳಿಯನ್ನು ಕೆಳಗಿಟ್ಟು ಬಂದರು. “ಇಸ್ಕೂಲ್ ಬಾಗ್ಲಲ್ಲಿ ಮೆಟ್ಲು ಅವೆ. ಅಲ್ಗೆ ಇಳಿಜಾರು ನಾನೇ ಮಾಡ್ಕೊಡ್ತೀನಿ, ಮರ ನಂದೇ ಅಂದೆ. ಸರ್ಕಾರಿ ಕಟ್ಟಡ, ಮೊಳೆ ಒಡ್ಯಂಗಿಲ್ಲ ಅಂದ್ಬುಟ್ರು. ಮ್ಯಾಲಿಂದ ಆರ್ಡರ್ ಬರ್ಬೇಕಂತೆ. ನೀವು ಆ ಆರ್ಡರ್ ಮಾಡೋರೇ ಅಂತಲ್ಲ?”

ಹೌದು ಎಂದೆ. ಹೆಡ್ಮೇಷ್ಟ್ರನ್ನೂ ನೋಡಿಕೊಂಡು ಬಂದೆ. ಕೆಟ್ಟ ಮನುಷ್ಯರಲ್ಲ, ಹೆದರಿದ ಮನುಷ್ಯ. “ಮಗು ಬಿದ್ದುಗಿದ್ದು ಹೆಚ್ಚುಕಮ್ಮಿಯಾದ್ರೆ ಊರೋರು ನನ್ನ ಸುಮ್ಮನೆ ಬಿಡ್ತಾರಾ ಮೇಡಂ? ಮಾರ್ಗಸೂಚಿ ಬರಲಿ. ಸೇರಿಸ್ಕೊಳ್ಳಲೇಬೇಕು ಅಂತ ಬರೆದಿದ್ರೆ ಮಾತಾಡದೆ ಸೇರಿಸ್ಕೋತೀನಿ,” ಎಂದರು. ಆ ಹುಡುಗಿ ಶಾಲೆಯೊಳಗೆ ಹೋಗುವುದು ಬಿಡುವುದು ನಾವು ಖಾಲಿ ಬಿಟ್ಟಿದ್ದ ಒಂದೇ ಒಂದು ಪದದ ಮೇಲೆ ನಿಂತಿದೆ ಎಂಬುದು ನನಗೆ ಸ್ಪಷ್ಟವಾಯಿತು.

ಮರುದಿನ ಅಧ್ಯಕ್ಷರಿಗೆ ಎಲ್ಲವನ್ನೂ ಹೇಳಿದೆ. ಅವರು ವಾದಿಸಲಿಲ್ಲ. “ಪಾಂಡವಪುರದಲ್ಲಿ ಉಚಿತ ಅಂತ ಬೇರೆ ಹೇಳ್ಬಿಟ್ಟೆನಲ್ಲ,” ಎಂದರು. ಮೂರು ತಾಲ್ಲೂಕಿನಲ್ಲೂ ಮತ್ತೆ ಸಭೆ ಕರೆಯಬೇಕು ಎಂದು ನಾನು ಹಟ ಹಿಡಿದೆ. ಇಲಾಖೆಯವರು ಸುತರಾಂ ಒಪ್ಪಲಿಲ್ಲ. ಕರಡು ಕಳಿಸುವ ಗಡುವು ಹತ್ತಿರ ಬಂದಿತ್ತು. ಸಹಿ ಮಾಡಿದ ನಡಾವಳಿಯನ್ನು ಯಾರೋ ಒಬ್ಬ ತಾಯಿಯ ಮಾತು ಕೇಳಿ ಹರಿದುಹಾಕಲಾದೀತೇ ಎಂದರು.

ಕೊನೆಗೆ ಅಧ್ಯಕ್ಷರೇ ಒಂದು ದಾರಿ ಹೇಳಿದರು. “ನಾಗಮಂಗಲ ಒಂದು ಉಳಿದಿದೆ. ಅಲ್ಲಿ ನಾನು ಬಾಯಿ ಬಿಡಲ್ಲ. ನೀವೇ ಕೇಳಿ, ನಿಮ್ಮ ಮಾತಲ್ಲೇ ಕೇಳಿ. ಅಲ್ಲಿ ಯಾವ ಉತ್ತರ ಬರುತ್ತೋ ಅದನ್ನೇ ನಾಲ್ಕೂ ತಾಲ್ಲೂಕಿನ ಉತ್ತರ ಅಂತ ಬರೆಯೋಣ. ಒಪ್ಪಿಗೆಯಾ?”

ನಾನು ಯೋಚನೆಯನ್ನೇ ಮಾಡಲಿಲ್ಲ. ಪ್ರಶ್ನೆ ನೆಟ್ಟಗಿದ್ದರೆ ಉತ್ತರವೂ ನೆಟ್ಟಗೆ ಬರುತ್ತದೆ ಎಂದು ನಂಬಿದ್ದೆ. ಒಪ್ಪಿಗೆ ಎಂದುಬಿಟ್ಟೆ.

ನಾಗಮಂಗಲಕ್ಕೆ ಹೋಗುವ ಬಸ್ಸಿನಲ್ಲಿ ಪ್ರಶ್ನೆಯನ್ನು ಮನಸ್ಸಿನಲ್ಲೇ ತಿದ್ದಿ ತಿದ್ದಿ ಇಟ್ಟುಕೊಂಡೆ. ಅರ್ಥ ಎರಡಾಗುವ ಒಂದು ಮಾತೂ ಉಳಿಯದಂತೆ ನೋಡಿಕೊಂಡೆ. ಸಭೆಯಲ್ಲಿ ಮನೆಪಾಠ ಎಂಬ ಪದವನ್ನೇ ಎತ್ತಲಿಲ್ಲ. “ನಿಮ್ಮ ಮಗು ಬೇರೆ ಮಕ್ಕಳ ಹಾಗೆ ದಿನಾ ಸ್ಕೂಲಿಗೆ ಹೋಗಬೇಕಾ? ಇಲ್ಲ, ಸ್ಕೂಲಿಗೆ ಹೋಗೋದು ಬೇಡ, ಮನೇಲೇ ಇರಲಿ, ಮೇಷ್ಟ್ರೇ ಆಗಾಗ ಬಂದು ಹೋಗಲಿ ಅಂತೀರಾ?” ಎಂದು ಕೇಳಿದೆ. ಇನ್ನೊಮ್ಮೆ ಹೇಳಿದೆ. ಅರ್ಥವಾಯಿತೇ ಎಂದೆ. ಎಲ್ಲರೂ ತಲೆಯಾಡಿಸಿದರು.

ಯಾರೂ ಕೈಯೆತ್ತಲಿಲ್ಲ. ಆಮೇಲೆ ಡೈರಿಗೆ ಹಾಲು ಹಾಕುವ ಒಬ್ಬ ತಂದೆ ಟವೆಲ್ಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು ಎದ್ದು ನಿಂತರು.

“ಲಾಯರಮ್ಮ, ನಮ್ ಮಗ್ನುನ್ನ ಒಂದ್ ವರ್ಸ ಇಸ್ಕೂಲ್ಗೆ ಕಳ್ಸಿದ್ವಿ. ಬುದ್ದಿ ವಸಿ ನಿಧಾನ ಅವ್ನಿಗೆ. ಒಂದಿನ ಚಡ್ಡೀಲೇ ಮಾಡ್ಕಬುಟ್ಟವ್ನೆ. ಸಂಜೆಗಂಟ ಅಂಗೇ ಒಂದ್ ಮೂಲೇಲಿ ಕುಂಡ್ರುಸವ್ರೆ. ಮಕ್ಳೆಲ್ಲ ಮೂಗ್ ಮುಚ್ಕಂಡು ನಗಾಡ್ತಾವ್ರೆ. ನಾನ್ ಓದಾಗ ಅವ್ನೂ ಅವ್ರ ಜೊತೆ ನಗ್ತಾವ್ನೆ, ಯಾಕ್ ನಗ್ತಾವ್ರೆ ಅಂತ ತಿಳೀದೆ. ಅವತ್ತಿಂದ ಕಳ್ಸಕಿಲ್ಲ ಅಂದ್ಬುಟ್ಟೆ. ಮನೇಲೇ ಇರ್ಲಿ ಬುಡಿ. ಮೇಷ್ಟ್ರು ಬಂದ್ರೆ ಬರ್ಲಿ, ಇಲ್ದಿದ್ರೆ ಇಲ್ಲ.”

ನಾನು ಎದ್ದು ನಿಂತೆ. ಅಣ್ಣಾ, ಈ ಮಾರ್ಗಸೂಚಿ ಬಂದರೆ ಶಾಲೆಯೇ ಬದಲಾಗಬೇಕು, ಶುಚಿ ಮಾಡಲು ಆಯಾ ಇರಬೇಕು, ತಕ್ಕ ಶೌಚಾಲಯ ಇರಬೇಕು, ನಗುವ ಮಕ್ಕಳಿಗೆ ತಿಳಿಹೇಳಬೇಕು, ಮಗುವಿಗೆ ತಕ್ಕಂತೆ ಶಾಲೆ ಇರಬೇಕು ಎಂದೇ ಒಡಂಬಡಿಕೆ ಹೇಳುವುದು ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ.

“ಯಾವಾಗವ್ವ?” ಎಂದರು.

ಕರಡಿನಲ್ಲಿ ಎಲ್ಲೂ ತಾರೀಖು ಬರೆದಿರಲಿಲ್ಲ.

“ಬದ್ಲಾದ್ಮೇಲೆ ಬಂದ್ ಕೇಳಿ. ಆಗ ಏಳ್ತೀವಿ,” ಎಂದು ಕೂತರು. ಆ ಮಾತಿನಲ್ಲಿ ಕೋಪವಿರಲಿಲ್ಲ.

ಆಮೇಲೆ ಕೈಗಳು ನಿಧಾನವಾಗಿ ಎದ್ದವು, ಬಹುಪಾಲು ಮನೆಯ ಕಡೆಗೆ. ಶಾಲೆಯೇ ಬೇಕೆಂದವರು ಅಲ್ಲೊಬ್ಬರು ಇಲ್ಲೊಬ್ಬರು. ಮೂರು ತಾಲ್ಲೂಕಿನವರು ತಪ್ಪು ತಿಳಿದು ಹೇಳಿದ್ದನ್ನೇ ಇವರು ಸರಿಯಾಗಿ ತಿಳಿದು ಹೇಳಿದ್ದರು. ಮೊದಲಿನದನ್ನು ತಪ್ಪು ತಿಳುವಳಿಕೆ ಎಂದು ಹೊಡೆದುಹಾಕಿಸಬಹುದಿತ್ತು. ಇದನ್ನು ಹೊಡೆದುಹಾಕಲು ಯಾವ ಕಾನೂನೂ ಇಲ್ಲ. ಪಣಕ್ಕೆ ಇಳಿದವಳು ನಾನೇ, ಈ ಉತ್ತರ ನಾಲ್ಕೂ ತಾಲ್ಲೂಕಿಗೆ ಎಂದು ಒಪ್ಪಿದವಳೂ ನಾನೇ. ಬಸ್ಸಿನಲ್ಲಿ ವಾಪಸು ಬರುವಾಗ ಅಳು ಬಂತು. ಪಕ್ಕದಲ್ಲಿ ಕೂತಿದ್ದಾಕೆ ತವರಿಂದ ಬರುತ್ತಿದ್ದೀರಾ ಎಂದು ಕೇಳಿದಳು. ಹೂಂ ಎಂದೆ.

ಆ ಸಂಕಟ ಇಳಿಯುವುದಕ್ಕೆ ಒಂದೆರಡು ದಿನ ಬೇಕಾಯಿತು. ಇಳಿದ ಮೇಲೆ ತಪ್ಪು ಎಲ್ಲಿದೆ ಎಂದು ಕಾಣಿಸಿತು. ನಾನು ಅವರಿಗೆ ಕೊಟ್ಟ ಎರಡು ಆಯ್ಕೆಯಲ್ಲಿ ಒಂದು ಅವರು ಕಣ್ಣಾರೆ ಕಂಡ ಶಾಲೆ. ಕಾಯ್ದೆ ಹೇಳುವ ಶಾಲೆಯನ್ನು ಯಾರೂ ಕಂಡಿಲ್ಲ. ಕಾಣದ್ದನ್ನು ನಂಬಿ ಮಗುವನ್ನು ಕಳಿಸಿ ಎಂದರೆ ಯಾವ ತಂದೆ ಕಳಿಸುತ್ತಾನೆ? ಅದಿರಲಿ, ನಾಲ್ಕು ಸಭೆ ಮಾಡಿದರೂ ಒಂದು ಮಗುವನ್ನೂ ನಾವು ಮಾತಾಡಿಸಿರಲಿಲ್ಲ. ಒಡಂಬಡಿಕೆಯಲ್ಲಿ ಮಕ್ಕಳ ವಿಧಿ ಹೇಳುವುದೇ ಅದನ್ನು. ತನಗೆ ಸಂಬಂಧಪಟ್ಟ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಅಂಗವಿಕಲ ಮಗುವಿಗೂ ಇದೆ, ಹೇಳಲು ಬೇಕಾದ ನೆರವನ್ನೂ ಕೊಡಬೇಕು ಎನ್ನುತ್ತದೆ. ಅದನ್ನೇ ಎರಡು ಪುಟ ಟೈಪು ಮಾಡಿ ಸಮಿತಿಯ ಮುಂದಿಟ್ಟೆ. ಇಲಾಖೆಯವರು ಮುಖ ಮುಖ ನೋಡಿಕೊಂಡರು. ಅಧ್ಯಕ್ಷರು, “ಸಮಿತಿಯ ಕೊನೆ ಸಭೆಗೆ ಒಂದು ಮಗುವನ್ನ ಕರ್ಕೊಂಡು ಬನ್ನಿ. ಕೇಳೋಣ. ಕೇಳದೆ ಹೋದ್ರೆ ನನಗೂ ನಿದ್ದೆ ಬರಲ್ಲ,” ಎಂದರು.

ಬೂಕನಕೆರೆಯ ಹುಡುಗಿಯನ್ನೇ ಕರೆಸಿದೆ. ಆಚಾರಿಯವರು ಅವಳನ್ನು ಎತ್ತಿಕೊಂಡು ಸಭಾಂಗಣದ ಮೆಟ್ಟಿಲು ಹತ್ತಿದರು. ಅಂಗವಿಕಲ ಮಕ್ಕಳ ಕರಡು ಮಾಡುತ್ತಿದ್ದ ನಮ್ಮ ಸಭಾಂಗಣಕ್ಕೂ ಇಳಿಜಾರಿರಲಿಲ್ಲ ಎಂಬುದು ನಮಗೆ ತಿಳಿದದ್ದೇ ಆಗ. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿದ್ದರು. ಹುಡುಗಿ ಕುರ್ಚಿಯಲ್ಲಿ ಒಂದು ಕಡೆ ವಾಲಿ ಕೂತು ಫ್ಯಾನನ್ನೂ ಅಧ್ಯಕ್ಷರನ್ನೂ ನೋಡಿದಳು.

ಅಧ್ಯಕ್ಷರು ತಮ್ಮ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. ಅಜ್ಜ ಮೊಮ್ಮಗಳನ್ನು ಕೇಳುವ ಹಾಗೆ ಕೇಳಿದರು. “ನೋಡು ಪುಟ್ಟ, ನೀನು ದಿನಾ ಸ್ಕೂಲಿಗೆ ಹೋಗ್ತೀಯಾ? ಇಲ್ಲ, ಮೇಷ್ಟ್ರೇ ನಿಮ್ಮನೆಗೆ ಬಂದು ಪಾಠ ಹೇಳ್ಕೊಡಲಾ? ನಿನಗೆ ಯಾವುದು ಬೇಕು?”

ಹುಡುಗಿ ಬಾಯಿ ತೆರೆದಳು. ಮಾತು ಬರಲು ಹೊತ್ತು ಹಿಡಿಯಿತು. ಕತ್ತಿನ ನರ ಬಿಗಿದವು, ಕೈ ಗಾಳಿಯಲ್ಲಿ ಎದ್ದಿತು. ತಾಯಿ ಬಾಗಿ ಕಿವಿಗೊಟ್ಟು ಕೇಳಿಸಿಕೊಂಡು ನಕ್ಕುಬಿಟ್ಟಳು.

“ಎಲ್ಡೂ ಬೇಕು ಅಂತಾದೆ ಸಾ.”

ಸಭೆಯೆಲ್ಲ ನಕ್ಕಿತು. ಇಲಾಖೆಯವರೂ ನಕ್ಕರು. ಜಾಣೆ ಕಣಮ್ಮ ನೀನು ಎಂದು ಅಧ್ಯಕ್ಷರು ಅವಳ ತಲೆ ಸವರಿದರು. ಹುಡುಗಿಯೂ ನಕ್ಕಳು. ಅವಳು ಯಾವುದನ್ನೂ ತಪ್ಪು ತಿಳಿದಿರಲಿಲ್ಲ. ದೊಡ್ಡವರು ನಾವು ಒಂದು ಬೇಕಾದರೆ ಇನ್ನೊಂದನ್ನು ಬಿಡಬೇಕು ಎಂದು ಕೇಳುತ್ತಾ ಬಂದಿದ್ದೆವು. ಆ ಹುಡುಗಿ ಪ್ರಶ್ನೆಯನ್ನೇ ತಿದ್ದಿದ್ದಳು.

ಅವತ್ತು ಮಧ್ಯಾಹ್ನ ಒಂಬತ್ತನೆಯ ಕಲಂನ ಖಾಲಿ ಜಾಗ ತುಂಬಿದೆ. ‘ಶಾಲೆಯಲ್ಲಿ, ಮತ್ತು ಅದರ ಜೊತೆಗೆ ಅಗತ್ಯವಿದ್ದಷ್ಟು ಮನೆಯಲ್ಲಿಯೂ’ ಎಂದು ಬರೆದೆ. ನಾಗಮಂಗಲದ ತಂದೆಯ ಮಾತನ್ನು ನೆನೆದು, ಶಾಲೆ ಸಿದ್ಧವಾಗುವವರೆಗೆ ಮಗುವನ್ನು ಕಳಿಸಲೇಬೇಕೆಂದು ಪಾಲಕರನ್ನು ಯಾರೂ ಒತ್ತಾಯಿಸುವಂತಿಲ್ಲ, ಆದರೆ ಶಾಲೆ ಸಿದ್ಧವಿಲ್ಲವೆಂದು ಬಂದ ಮಗುವನ್ನು ಹಿಂದೆ ಕಳಿಸುವಂತೆಯೂ ಇಲ್ಲ ಎಂದು ಇನ್ನೊಂದು ಸಾಲು ಸೇರಿಸಿದೆ. ಅಧ್ಯಕ್ಷರು ಓದಿ, ಪಣದ ಮಾತು ಮರೆತುಬಿಡಿ ಎಂದು ಹೇಳಿ ಸಹಿ ಮಾಡಿದರು. ಸಾಯಂಕಾಲ ಸ್ಕೂಟರಿನಲ್ಲಿ ಕಿರಂಗೂರಿಗೆ ಹೋಗುವಾಗ ನನಗೇ ತಿಳಿಯದೆ ಹಾಡಿಕೊಳ್ಳುತ್ತಿದ್ದೆ. ಈ ಕೆಲಸದಲ್ಲಿ ನಾನು ಖುಷಿಯಾಗಿದ್ದ ದಿನ ಅದೊಂದೇ.

ಕರಡು ಮೇಲಕ್ಕೆ ಹೋಯಿತು. ಮೇಲೆ ಹೋದ ಕಾಗದ ಮೊದಲು ಇಂಗ್ಲಿಷಾಗುತ್ತದೆ, ಪರಿಶೀಲನೆ ಮುಗಿದ ಮೇಲೆ ಮತ್ತೆ ಕನ್ನಡವಾಗುತ್ತದೆ. ತಿಂಗಳುಗಳು ಕಳೆದವು. ಹೊರಬಿದ್ದ ಪ್ರತಿಯನ್ನು ಕೋರ್ಟಿನ ಕ್ಯಾಂಟೀನಿನಲ್ಲಿ ಕೂತು ಓದಿದೆ. ನಾನು ಸೇರಿಸಿದ್ದ ಸಾಲು ಮಾಯವಾಗಿತ್ತು. ಒಂಬತ್ತನೆಯ ಕಲಂನಲ್ಲಿ ‘ಶಾಲೆಯಲ್ಲಿ ಮತ್ತು/ಅಥವಾ ಮನೆಯಲ್ಲಿ’ ಎಂದಿತ್ತು.

ಮತ್ತು, ಒಂದು ಓರೆಗೆರೆ, ಅಥವಾ. ನಾನು ಓದಿದ್ದನ್ನೇ ಮತ್ತೆ ಓದಿದೆ. ಕನ್ನಡದಲ್ಲಿ ಯಾವ ತಾಯಿಯೂ ಮಗುವಿಗೆ ಮತ್ತು-ಅಥವಾ ಊಟ ಬಡಿಸುವುದಿಲ್ಲ. ಕನ್ನಡದ ಬಾಯಿಗೆ ಬಾರದ ಆ ಓರೆಗೆರೆ ಇಂಗ್ಲಿಷಿನಿಂದ ಹಾಗೇ ಇಳಿದುಬಂದಿತ್ತು.

ಅಧ್ಯಕ್ಷರಿಗೆ ಫೋನು ಮಾಡಿದೆ. ಅವರ ದನಿ ಬಳಲಿತ್ತು. “ಎರಡೂ ಕೊಡಲೇಬೇಕು ಅಂದ್ರೆ ಎಲ್ಲ ಶಾಲೆಗೂ ಆಯಾ, ಇಳಿಜಾರು, ಶೌಚಾಲಯ ಎಲ್ಲ ಮಾಡಬೇಕಾಗುತ್ತೆ, ಹಣಕಾಸಿನವರು ಒಪ್ಪಲ್ಲ ಅಂದ್ರಂತೆ. ‘ಮತ್ತು’ ತೆಗೆದಿಲ್ಲವಲ್ಲಮ್ಮ, ಇದೆಯಲ್ಲ. ಅಷ್ಟಾದರೂ ಉಳೀತು ಅಂದ್ಕೊಳ್ಳಿ.”

ಅಂದುಕೊಳ್ಳಲಾಗಲಿಲ್ಲ. ಆಕ್ಷೇಪಣೆ ಬರೆದೆ. ಪರಿಶೀಲಿಸಲಾಗಿದೆ ಎಂಬ ಒಂದು ಸಾಲಿನ ಉತ್ತರ ಬಂತು. ಹೈಕೋರ್ಟಿಗೆ ಹೋಗೋಣ, ಮೂಲ ಕಾಯ್ದೆ ನಮ್ಮ ಕಡೆಗಿದೆ, ಫೀಸು ಗೀಸು ಏನೂ ಬೇಡ ಎಂದು ಆಚಾರಿಯವರಿಗೆ ಹೇಳಿದೆ. ಅವರು ತಲೆ ತಗ್ಗಿಸಿ ಹಲಗೆಯ ಮೇಲೆ ಕೈಯಾಡಿಸುತ್ತಾ, “ಬ್ಯಾಡಿ ಲಾಯರಮ್ಮ. ನಾಳೆ ಇದೇ ಊರಲ್ಲಿ ಬಾಳ್ಬೇಕು. ಕೋರ್ಟು ಗೀರ್ಟು ಅಂದ್ರೆ ಬರೋ ಮೇಷ್ಟ್ರೂ ನಿಂತೋಯ್ತರೆ,” ಎಂದರು. ಬೇರೆ ಪಾಲಕರನ್ನು ಕೇಳಿದೆ. ನಾಗಮಂಗಲದವರು ಮನೆಯೇ ಇರಲಿ ಎಂದು ಕೈಯೆತ್ತಿಯೇ ಹೇಳಿದ್ದರು. ಇನ್ನುಳಿದವರಿಗೆ ಮನೆಪಾಠ ಸಿಕ್ಕಿತ್ತಲ್ಲ, ಏನೂ ಇಲ್ಲದ ಕಡೆ ಅಷ್ಟಾದರೂ ಸಿಕ್ಕಿತು ಎನ್ನುವವರೇ ಎಲ್ಲ. ಅರ್ಜಿದಾರರೇ ಇಲ್ಲದ ಅರ್ಜಿಯನ್ನು ನನ್ನ ಬೀರುವಿನಲ್ಲಿಟ್ಟೆ.

ಬೂಕನಕೆರೆಯ ಹೆಡ್ಮೇಷ್ಟ್ರು ಮಾತಿಗೆ ತಪ್ಪಲಿಲ್ಲ. ಮಾರ್ಗಸೂಚಿ ಬಂದ ವಾರವೇ ಹುಡುಗಿಯ ಹೆಸರನ್ನು ದಾಖಲು ಮಾಡಿಕೊಂಡರು, ‘ಅಥವಾ’ದ ಕಡೆಗೆ. ಈಗ ಅವಳು ಆ ಶಾಲೆಯ ವಿದ್ಯಾರ್ಥಿನಿ. ಪುಸ್ತಕ ಬಂದಿದೆ, ಸಮವಸ್ತ್ರ ಬಂದಿದೆ. ಒಬ್ಬ ಶಿಕ್ಷಕಿ ತಿಂಗಳಿಗೆ ಒಂದೆರಡು ಸಲ ಬಂದು ಹೋಗುತ್ತಾರೆ. ಆಕೆಗೆ ಬೇರೆ ಊರುಗಳೂ ಇವೆ, ಬಸ್ಸು ಸಿಕ್ಕಬೇಕು. ಬಂದಾಗ ಅಕ್ಕರೆಯಿಂದಲೇ ಹೇಳಿಕೊಡುತ್ತಾರಂತೆ. ಶಾಲೆಗೆ ಸೇರದ ಮಕ್ಕಳ ಪಟ್ಟಿಯಲ್ಲಿ ಈಗ ಅವಳಿಲ್ಲ.

ಮೊನ್ನೆ ಆ ದಾರಿಯಲ್ಲಿ ಹೋಗುವಾಗ ಗಾಡಿ ತಿರುಗಿಸಿದೆ. ಹೋಗಬಾರದೆಂದೇ ಎಷ್ಟೋ ಸಲ ಆ ತಿರುವನ್ನು ದಾಟಿ ಮುಂದೆ ಹೋಗಿದ್ದೆ. ಹುಡುಗಿ ಅದೇ ಜಗುಲಿಯಲ್ಲಿ ಕೂತಿದ್ದಳು. ಮೈಮೇಲೆ ಸಮವಸ್ತ್ರ, ಎರಡು ಜಡೆಗೂ ರಿಬ್ಬನ್ನು. ಇವತ್ತು ಮಿಸ್ ಬರುವ ದಿನವಾ ಎಂದು ತಾಯಿಯನ್ನು ಕೇಳಿದೆ.

“ಅಲ್ಲ ಕನವ್ವ. ದಿನಾ ಆಕು ಅಂತಾದೆ. ಬೆಳಿಗ್ಗೇನೆ ಆಕ್ಬೇಕು, ಸಂಜೆ ಇಸ್ಕೂಲ್ ಬುಟ್ಮೇಲ್ ಬಿಚ್ಬೇಕು. ಇಲ್ದಿದ್ರೆ ಒಂದ್ ತುತ್ತು ತಿನ್ನಾಕಿಲ್ಲ.”

ಆಚಾರಿಯವರು ಒಳಗಿದ್ದರು. ನನ್ನನ್ನು ಕಂಡು ತಲೆಯಾಡಿಸಿದರು, ಹೊರಗೆ ಬರಲಿಲ್ಲ. ಗೋಡೆಗೆ ಒಂದು ಇಳಿಜಾರು ಹಲಗೆ ಒರಗಿಸಿಟ್ಟಿದ್ದರು. ಅಂಚಿಗೆಲ್ಲ ಕೀಸುಳಿ ಹಾಕಿ ನುಣುಪು ಮಾಡಿದ್ದರು. ಅದರ ಮೇಲೆ ಬಟ್ಟೆ ಒಣಹಾಕಿತ್ತು. ತಾಯಿ ಕಾಫಿ ತಂದುಕೊಟ್ಟಳು. ನಾನು ಹುಡುಗಿಯ ಪಕ್ಕದಲ್ಲಿ ಕೂತೆ. ಪುಸ್ತಕ ಎಲ್ಲಿಯವರೆಗೆ ಆಯಿತು, ಮಿಸ್ ಹೇಗಿದ್ದಾರೆ ಎಂದು ಏನೇನೋ ಕೇಳಿದೆ. ಕೇಳಬೇಕಾದದ್ದನ್ನು ಬಿಟ್ಟು ಬೇರೆಲ್ಲ ಕೇಳಿದೆ.

ಬೀದಿಯ ತಿರುವಿನಲ್ಲಿ ಬೆಲ್ಲು ಹೊಡೆಯಿತು. ಹುಡುಗಿಯ ಮೈ ಸೆಟೆಯಿತು. ಅದು ಸಡಿಲವಾಗುವವರೆಗೆ ಕಾದು, ಅವಳು ನನ್ನ ಕಡೆಗೆ ಕತ್ತು ಹೊರಳಿಸಿದಳು. ಮಾತು ಬರಲು ಅವತ್ತಿನಷ್ಟೇ ಹೊತ್ತು ಹಿಡಿಯಿತು.

“ಲಾಯರಮ್ಮ, ನಾನು ಎಲ್ಡೂ ಅಂದಿದ್ದೆ.”

ತಾಯಿ ಅದನ್ನು ಬಿಡಿಸಿ ಹೇಳಲು ಬಾಯಿ ತೆರೆದಳು. ಬೇಡ, ಅರ್ಥವಾಯಿತು ಎಂದೆ.